ಓಡಿದ ದಾರಿಯ ಲೆಕ್ಕ

ಬೆಂಗೇರಿಯ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಷೆಡ್ಡೊಂದಿದೆ. ಅದರೊಳಗೆ ೧೯೯೫ರಿಂದ ೨೦೨೩ರವರೆಗೆ, ಅಂದರೆ ಇಪ್ಪತ್ತೆಂಟು ವರುಷಗಳ ಕಾಲ, ಒಂದು ಕಾರು ಅಲುಗಾಡದೆ ನಿಂತಿತ್ತು. ನನ್ನ ತಂದೆಯವರು ೧೯೭೦ರಲ್ಲಿ ಕೊಂಡ ಫಿಯೆಟ್ ೧೧೦೦ ಡಿ ಅದು. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯು ೧೯೬೪ರಿಂದ ತಯಾರಿಸುತ್ತಿದ್ದ ಈ ಮಾದರಿಯೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಿಂದ ಮನೆಮಾತಾಯಿತು. ೨೦೨೩ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು ಶಾಶ್ವತವಾಗಿ ಮರೆಯಾದವೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ನಮ್ಮ ಷೆಡ್ಡಿನ ಕಾರಿನ ಎಂಜಿನ್ನಿಗೆ ಮತ್ತೆ ಜೀವ ಬಂದು ಎರಡು ವಾರವಷ್ಟೇ ಆಗಿತ್ತು.

ತಂದೆಯವರು ವೈದ್ಯರಾಗಿದ್ದರು. ಕುಸುಗಲ್ಲ, ಹೆಬಸೂರು, ನವಲಗುಂದದ ಕಡೆಯ ಹಳ್ಳಿಗಳೆಲ್ಲ ಅವರ ಕಾಯಕದ ಸೀಮೆ. ಎರೆಮಣ್ಣಿನ ನಾಡು; ಮಳೆ ಬಿದ್ದರೆ ಚಕ್ಕಡಿಯ ಗಾಲಿಯೇ ಹೂತುಹೋಗುವ ರಸ್ತೆಗಳು. ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ತಮ್ಮ ಪಾಲಿಗೆ ಬಂದ ವಾಹನವನ್ನು ಅವರು ಮನೆಯ ಎತ್ತಿನಂತೆ ನೋಡಿಕೊಂಡರು. ಮುಂದಿನ ಉದ್ದನೆಯ ಆಸನದಲ್ಲಿ ಅವರ ಪಕ್ಕಕ್ಕೆ ಕುಳಿತು, ಸ್ಟೀರಿಂಗಿನ ಮಗ್ಗುಲಲ್ಲಿದ್ದ ಗೇರನ್ನು ಅವರು ಬದಲಿಸುವುದನ್ನೂ ಡ್ಯಾಶ್‌ಬೋರ್ಡಿನ ಮುಳ್ಳು ಮೆಲ್ಲನೆ ಮೇಲೇರುವುದನ್ನೂ ನೋಡುವುದು ನನ್ನ ಬಾಲ್ಯದ ದೊಡ್ಡ ಸುಖ. ಆ ಮುಳ್ಳು ಅರವತ್ತನ್ನು ದಾಟಿದ್ದನ್ನು ನಾನು ಕಂಡದ್ದಿಲ್ಲ. ಮನೆಗೆ ಬಂದೊಡನೆ, ಕೈಕಾಲು ತೊಳೆಯುವುದಕ್ಕೂ ಮೊದಲು, ನೀಲಿ ರಟ್ಟಿನ ಪುಸ್ತಕದಲ್ಲಿ ನಾಲ್ಕು ಸಂಗತಿಗಳನ್ನು ಬರೆಯುತ್ತಿದ್ದರು: ತಾರೀಖು, ಊರು, ಮೀಟರಿನ ಅಂಕಿ, ಹಾಕಿಸಿದ ಪೆಟ್ರೋಲು. ಯಾರೂ ಅವರನ್ನು ಆ ಲೆಕ್ಕ ಕೇಳುತ್ತಿರಲಿಲ್ಲ. ೧೯೯೬ರಲ್ಲಿ ಅವರು ತೀರಿಕೊಂಡರು. ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟಿ ಟ್ರಂಕಿನಲ್ಲಿರಿಸಿದೆವು. ಕಾರಿಗೆ ತಾಡಪತ್ರಿ ಹೊದಿಸಿದೆವು.

ಶಾಲೆಯ ಕನ್ನಡ ಅಧ್ಯಾಪಕ ವೃತ್ತಿಯಿಂದ ನಾನು ನಿವೃತ್ತನಾದುದು ೨೦೨೩ರಲ್ಲಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮಗ ರಜೆಗೆಂದು ಬಂದವನು, "ಅಪ್ಪಾ, ಇನ್ನ ನಿಮಗ ಬಿಡುವು ಐತಿ, ಅಜ್ಜಾರ ಗಾಡಿ ಎಬ್ಬಸೂಣ" ಎಂದು ತಾಡಪತ್ರಿ ಸರಿಸಿದ. ಎಂಜಿನ್, ಬ್ರೇಕು, ರೇಡಿಯೇಟರುಗಳ ಕೆಲಸ ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. ಈ ಎಂಜಿನ್ನನ್ನು ಬಲ್ಲ ಮಿಸ್ತ್ರಿಗಳು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ. ಬಿಡಿಭಾಗಗಳೂ ಹುಡುಕಿದರೆ ದೊರೆಯುತ್ತವೆ. ತೊಡಕಾದದ್ದು ಡ್ಯಾಶ್‌ಬೋರ್ಡಿನ ಮಾಪಕಗಳದು. ಇಲಿಗಳು ತಂತಿಗಳನ್ನು ಕಡಿದಿದ್ದವು. ಗಾಜಿನ ಒಳಮೈ ಹಬೆ ಹಿಡಿದಂತೆ ಮಂಕಾಗಿತ್ತು. ಇಂಧನಮಾಪಕ ಯಾವಾಗಲೂ ಖಾಲಿ ಎನ್ನುತ್ತಿತ್ತು. ಉಷ್ಣಮಾಪಕ ಏನನ್ನೂ ಹೇಳುತ್ತಿರಲಿಲ್ಲ. ವೇಗಮಾಪಕದ ಮುಳ್ಳು ಇಪ್ಪತ್ತರ ಬಳಿ ಸಿಕ್ಕಿಕೊಂಡು ನಿಂತ ಗಾಡಿಯನ್ನೂ ಓಡುತ್ತಿದೆಯೆಂದು ಸಾರುತ್ತಿತ್ತು.

ಇಲ್ಲಿ ತಂದೆ ಮಕ್ಕಳಿಗೆ ಭಿನ್ನಾಭಿಪ್ರಾಯವಾಯಿತು. ಈ ಹಳೆಯ ಮೀಟರುಗಳನ್ನೆಲ್ಲ ತೆಗೆದು, ಅಂತರಜಾಲದಲ್ಲಿ ತರಿಸಿಕೊಳ್ಳಬಹುದಾದ ಡಿಜಿಟಲ್ ಪರದೆಯೊಂದನ್ನು ಅದೇ ಚೌಕಟ್ಟಿನಲ್ಲಿ ಕೂಡಿಸಬೇಕೆಂದು ಮಗನ ಆಸೆ. ಹೊರಗಿನಿಂದ ನೋಡಿದರೆ ಹಳೆಯದು, ಒಳಗೆ ಎಲ್ಲ ಹೊಸದು. ನಾನು ಕೂಡಲೇ ಬೇಡವೆಂದೆ. ಹಾಗೆಂದು ನನ್ನ ಮನಸ್ಸಿನಲ್ಲಿಯೂ ಒಂದು ಚಪಲವಿರಲಿಲ್ಲವೆಂದು ತಿಳಿಯಬೇಡಿ. ಮೂವತ್ತು ವರುಷ ಕನ್ನಡ ಕಲಿಸಿದವನು ನಾನು. ಡಯಲಿನ ಮೇಲೆ ೨೦, ೪೦, ೬೦ ಎಂದು ಕನ್ನಡ ಅಂಕಿಗಳನ್ನೇ ಮುದ್ರಿಸಿಬಿಡಬೇಕೆಂದು ಒಳಗೊಳಗೇ ಹಂಚಿಕೆ ಹಾಕಿದ್ದೆ. ನನ್ನ ಬದಲಾವಣೆ ಭಾಷಾಭಿಮಾನ, ಮಗನದು ಹುಡುಗಾಟ ಎಂಬ ನ್ಯಾಯ ನನ್ನದು!

ಮಾಪಕಗಳನ್ನು ಬಿಚ್ಚುವಾಗ ಮೊದಲ ತಪ್ಪು ನನ್ನಿಂದಲೇ ಆಯಿತು. ಬ್ಯಾಟರಿಯ ತಂತಿ ತೆಗೆದು, ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ, ಬಲು ಜಾಣತನದಿಂದ ಎಲ್ಲವನ್ನೂ ಹೊರತೆಗೆದೆ. ಆಮೇಲೆ ಇಂಧನಮಾಪಕದ ಮುಖವನ್ನು ಸ್ವಚ್ಛ ಮಾಡುವ ಉತ್ಸಾಹದಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒಮ್ಮೆ ಒರೆಸಿದೆ. ಐವತ್ಮೂರು ವರುಷ ಬಾಳಿದ ಬಿಳಿಯ ಗೀಟುಗಳು ಹತ್ತಿಗೆ ಅಂಟಿಕೊಂಡು ಬಂದುಬಿಟ್ಟವು. ಹಳೆಯ ಡಯಲಿನ ಮೇಲೆ ಒಣ ಮೆತ್ತನೆಯ ಕುಂಚದಿಂದ ಧೂಳು ಹಾರಿಸುವುದಕ್ಕಿಂತ ಹೆಚ್ಚಿನ ಉಪಚಾರ ಸಲ್ಲದೆಂಬುದು ನನಗೆ ಆ ಬಳಿಕ ತಿಳಿಯಿತು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳಿತು. ಇನ್ನೂ ಹಳೆಯ ಕಾಲದ ಕೆಲವು ಗಡಿಯಾರ ಮತ್ತು ಮಾಪಕಗಳ ಅಂಕಿಗಳಿಗೆ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅಂಥವನ್ನು ಕೆರೆಯುವುದಾಗಲಿ ಊದುವುದಾಗಲಿ ಅಪಾಯ. ನಮ್ಮ ಕಾರಿನದು ಹಿಂದಿನಿಂದ ಪುಟ್ಟ ಬಲ್ಬಿನ ಬೆಳಕು ಬೀಳುವ ಸಾದಾ ಬಣ್ಣ. ಹಾಗಾಗಿ ನನ್ನ ಅವಿವೇಕಕ್ಕೆ ಗೀಟುಗಳು ಮಾತ್ರ ಬಲಿಯಾದವು.

ಅಲ್ಲಿಂದ ಮುಂದೆ ಕೆಲಸವನ್ನು ಬಲ್ಲವರ ಕೈಗೆ ಒಪ್ಪಿಸಿದೆವು. ಹಳೇ ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ ಮೀಟರುಗಳನ್ನಷ್ಟೇ ರಿಪೇರಿ ಮಾಡುವ ವೃದ್ಧ ಮಿಸ್ತ್ರಿಯೊಬ್ಬರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಕಣ್ಣಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ, ಎದುರಿಗೆ ಬಿಳಿಯ ಬಟ್ಟೆ ಹಾಸಿದ ಮೇಜು. ಅವರು ನನ್ನ ಎದುರಿಗೇ ವೇಗಮಾಪಕವನ್ನು ಬಿಚ್ಚಿ ತೋರಿಸಿದಾಗ, ಇಷ್ಟು ವರ್ಷ ಆ ಮುಳ್ಳನ್ನು ನೋಡಿಯೂ ಅದರ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲವೆಂಬುದು ಅರಿವಾಯಿತು.

ಗೇರ್‌ಪೆಟ್ಟಿಗೆಯಿಂದ ಒಂದು ಬಾಗುವ ತಂತಿ ಡ್ಯಾಶ್‌ಬೋರ್ಡಿನವರೆಗೆ ಬರುತ್ತದೆ. ಗಾಲಿ ತಿರುಗಿದಂತೆ ಅದೂ ತನ್ನ ಕೊಳವೆಯೊಳಗೆ ತಿರುಗುತ್ತದೆ. ಅದರ ತುದಿಗೆ ಮಾಪಕದೊಳಗೆ ಒಂದು ಅಯಸ್ಕಾಂತವಿದೆ. ಅಯಸ್ಕಾಂತದ ಮೇಲೆ ಅಲ್ಯೂಮಿನಿಯಮ್ಮಿನ ತೆಳುವಾದ ಬಟ್ಟಲೊಂದು ಕವುಚಿಕೊಂಡಿರುತ್ತದೆ. ಮುಳ್ಳು ಕುಳಿತಿರುವುದು ಈ ಬಟ್ಟಲಿನ ಮೇಲೆ. ವಿಸ್ಮಯದ ಸಂಗತಿಯೆಂದರೆ ಅಯಸ್ಕಾಂತ ಬಟ್ಟಲನ್ನು ಮುಟ್ಟುವುದೇ ಇಲ್ಲ. ಅಲ್ಯೂಮಿನಿಯಮ್ಮನ್ನು ಅಯಸ್ಕಾಂತ ಸೆಳೆಯುವುದೂ ಇಲ್ಲವೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ತಿರುಗುವ ಅಯಸ್ಕಾಂತವು ಬಟ್ಟಲಿನಲ್ಲಿ ಸುಳಿಯಂತಹ ವಿದ್ಯುತ್ ಪ್ರವಾಹಗಳನ್ನು ಹುಟ್ಟಿಸುತ್ತದೆ. ಆ ಪ್ರವಾಹಗಳ ಬಲದಿಂದ ಬಟ್ಟಲು ತಾನೂ ತಿರುಗಲು ಹವಣಿಸುತ್ತದೆ. ಕೂದಲೆಳೆಯಂತಹ ಸುರುಳಿಯ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆ ಎಳೆಯುತ್ತದೆ. ಎರಡು ಎಳೆತಗಳೂ ಸಮನಾದ ಎಡೆಯಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಷುಲ್ಟ್ಸೆ ಎಂಬ ಎಂಜಿನಿಯರ್ ೧೯೦೨ರಲ್ಲಿ ಪೇಟೆಂಟ್ ಪಡೆದ ಈ ಉಪಾಯವೇ ನೂರು ವರ್ಷ ಜಗತ್ತಿನ ಬಹುಪಾಲು ವಾಹನಗಳ ವೇಗವನ್ನು ಹೇಳಿತು.

ಅದೇ ಪೆಟ್ಟಿಗೆಯೊಳಗೆ ಇನ್ನೊಂದು ಯಂತ್ರವಿದೆ: ಓಡಿದ ದೂರವನ್ನು ಎಣಿಸುವ ಅಂಕಿಯ ಗಾಲಿಗಳು. ಇವಕ್ಕೆ ಅಯಸ್ಕಾಂತವಿಲ್ಲ, ಸ್ಪ್ರಿಂಗಿಲ್ಲ. ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಂತಿಯ ಸುತ್ತುಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತ ಹೋಗುತ್ತವೆ. ಗಾಡಿ ನಿಂತೊಡನೆ ಮುಳ್ಳು ಸೊನ್ನೆಗೆ ಮರಳಿ ಎಲ್ಲವನ್ನೂ ಮರೆಯುತ್ತದೆ. ಅಂಕಿಯ ಗಾಲಿಗಳು ಮರೆಯುವುದಿಲ್ಲ. ನಮ್ಮ ಕಾರಿನಲ್ಲಿ ಅಂಥ ಐದು ಗಾಲಿಗಳು. ೯೯೯೯೯ ಆದ ಮೇಲೆ ಅವೂ ಒಂದು ಸಲ ಮರೆತು ಮೊದಲಿನಿಂದ ಆರಂಭಿಸುತ್ತವೆ. ನಮ್ಮದರಲ್ಲಿ ನಿಂತಿದ್ದ ಅಂಕಿ ೯೭೮೧೨.

ಮುಳ್ಳು ಸಿಕ್ಕಿಕೊಳ್ಳಲು ಕಾರಣ, ಕಲ್ಲಿನಂತೆ ಗಟ್ಟಿಯಾದ ಹಳೆಯ ಗ್ರೀಸು. ಯಾರೋ ಎಂದೋ ಧಾರಾಳವಾಗಿ ಬಳಿದಿದ್ದರು. ಚಾಚಾ ಅದನ್ನೆಲ್ಲ ತೊಳೆದು ತೆಗೆದು, ಸೂಜಿಯ ಮೊನೆಯಿಂದ ಒಂದೇ ಒಂದು ತೊಟ್ಟು ತೆಳುವಾದ ಎಣ್ಣೆ ಇಟ್ಟರು. ಸ್ಪ್ರಿಂಗಿನ ಬಳಿಗೆ ಅದನ್ನೂ ಸೋಕಿಸಲಿಲ್ಲ. ಇಂಧನಮಾಪಕದ ದೋಷ ಮಾಪಕದಲ್ಲಿ ಇರಲೇ ಇಲ್ಲ. ಟಾಕಿಯೊಳಗಿನ ತೇಲುಗುಂಡಿನಲ್ಲಿ ಸೂಕ್ಷ್ಮವಾದ ತೂತು ಬಿದ್ದು, ಅದರಲ್ಲಿ ಪೆಟ್ರೋಲು ತುಂಬಿ ಗುಂಡು ತಳಕ್ಕಿಳಿದಿತ್ತು. ತುಂಬಿದ ಟಾಕಿಯನ್ನು ಖಾಲಿಯೆಂದು ಮಾಪಕ ಹೇಳುತ್ತಿದ್ದರೆ ಅದು ಸುಳ್ಳು ಹೇಳುತ್ತಿರಲಿಲ್ಲ; ತನಗೆ ಬಂದ ಸುದ್ದಿಯನ್ನಷ್ಟೇ ಹೇಳುತ್ತಿತ್ತು. ಉಷ್ಣಮಾಪಕಕ್ಕೆ ಹೊಸ ತಂತಿ ಎಳೆದರೆ ಸಾಕಾಯಿತು.

ನಾನು ಅಳಿಸಿಹಾಕಿದ್ದ ಡಯಲಿನದು ದೊಡ್ಡ ಕೆಲಸ. ನಮ್ಮ ಅದೃಷ್ಟಕ್ಕೆ ಬಿಚ್ಚುವ ಮೊದಲು ಮಗ ಎಲ್ಲವುಗಳ ಛಾಯಾಚಿತ್ರ ತೆಗೆದಿದ್ದ. ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಪ್ರತಿಯೊಂದು ಗೀಟಿನ ದಪ್ಪವನ್ನೂ ಅಳೆದು ಮರಳಿ ಬರೆದು, ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿದೆವು. ಮೊದಲ ಸಲ ಅಚ್ಚ ಬಿಳಿಯ ಬಣ್ಣ ಹಾಕಿಸಿದಾಗ ಆ ಒಂದು ಡಯಲು ಉಳಿದವುಗಳ ನಡುವೆ ಕಟ್ಟಿಸಿಕೊಂಡ ಹಲ್ಲಿನಂತೆ ಕಂಡಿತು. ಬಿಳಿಗೆ ಹಾಲಿನ ಕೆನೆಯ ಛಾಯೆ ಬೆರೆಸಿ ಮತ್ತೊಮ್ಮೆ ಮುದ್ರಿಸಬೇಕಾಯಿತು. ಎಲ್.ಇ.ಡಿ. ದೀಪ ಹಾಕಿ ನೋಡಿದೆವು. ನೀಲಿಯ ಆ ಬೆಳಕಿನಲ್ಲಿ ಎಲ್ಲವೂ ಆಸ್ಪತ್ರೆಯ ಕೋಣೆಯಂತೆ ಕಂಡದ್ದರಿಂದ ಹಳೆಯ ಹಳದಿ ಬಲ್ಬುಗಳಿಗೇ ಮರಳಿದೆವು.

ಈ ನಡುವೆ ಕನ್ನಡ ಅಂಕಿಗಳ ನನ್ನ ಹಂಚಿಕೆ ಏನಾಯಿತೆಂದು ಹೇಳಬೇಕು. ಹೇಗೂ ಒಂದು ಡಯಲನ್ನು ಹೊಸದಾಗಿ ಮುದ್ರಿಸುತ್ತಿರುವಾಗ ಎಲ್ಲವನ್ನೂ ಬದಲಿಸಿದರಾಯಿತು ಎಂಬಲ್ಲಿಗೆ ನಾನು ಬಂದಿದ್ದೆ. ನನ್ನನ್ನು ತಡೆದದ್ದು ಒಂದು ನೆನಪು. ವಚನಗಳನ್ನು ಓದುವ ನಮಗೆಲ್ಲ ಪೂಜ್ಯರಾದ ಫ. ಗು. ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ, ೧೮೮೦ರಲ್ಲಿ. ವಿಜಯಪುರದಲ್ಲಿ ವಕೀಲಿ ಮಾಡುತ್ತ, ಮನೆಮನೆಗಳಲ್ಲಿ ಧೂಳು ತಿನ್ನುತ್ತಿದ್ದ ತಾಡವೋಲೆಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಅವರ ತರುವಾಯ ಬಂದ ಸಂಪಾದಕರೂ ಆ ಹಾದಿಯಲ್ಲಿ ದುಡಿದರು. ಒಳ್ಳೆಯ ಸಂಪಾದಕನಾದವನು ಓಲೆ ಮುರಿದುಹೋದ ಕಡೆ ತನ್ನ ಕಡೆಯಿಂದ ಚೆಂದದ ಶಬ್ದವನ್ನು ತುರುಕುವುದಿಲ್ಲ. ಇಲ್ಲಿ ಅಕ್ಷರ ಲುಪ್ತವಾಗಿದೆಯೆಂದು ಚುಕ್ಕಿಗಳನ್ನು ಇಟ್ಟು ಮುಂದೆ ಹೋಗುತ್ತಾನೆ. ತರಗತಿಯಲ್ಲಿ ವರುಷಾನುವರುಷ ಮಕ್ಕಳಿಗೆ ಈ ಮಾತನ್ನು ಹೇಳಿದ ನಾನು, ನನ್ನ ತಂದೆ ಕಾಲು ಶತಮಾನ ದಿಟ್ಟಿಸಿದ ಅಂಕಿಗಳನ್ನು ಅಳಿಸಿ ನನ್ನ ಅಭಿಮಾನವನ್ನು ಬರೆಯಲು ಹೊರಟಿದ್ದೆ.

ಕಾನೂನು ಈ ವಿಷಯದಲ್ಲಿ ನಮಗೆ ನೆರವಾಗಲಿಲ್ಲ. ಕೇಂದ್ರ ಸರಕಾರವು ೨೦೨೧ರ ಜುಲೈನಲ್ಲಿ ಪ್ರಕಟಿಸಿದ ನಿಯಮಗಳಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅಂಥ ಗಾಡಿಯ ಚಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ಮಗ ಆ ನಿಯಮವನ್ನು ಎರಡು ಸಲ ಓದಿ, "ಮೀಟರಿನ ಸುದ್ದಿನ ಇಲ್ಲಲ್ಲಪ್ಪಾ" ಎಂದು ನಕ್ಕ. ಮೊದಲೊಮ್ಮೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಿದ್ದಾಗ ಸಾಲಾಗಿ ನಿಂತ ಹಳೆಯ ಕಾರುಗಳ ಕಿಟಕಿಗಳಲ್ಲಿ ನಾವಿಬ್ಬರೂ ಇಣುಕಿದ್ದುಂಟು. ಹೊರಮೈಯ ಹೊಳಪಿಗಿಂತ ಒಳಗಿನ ಆ ದುಂಡು ಮುಖಗಳೇ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದವು. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಹಳೆಯ ಯಾವುದನ್ನೂ ಕೊರೆಯುವುದಿಲ್ಲ, ಕತ್ತರಿಸುವುದಿಲ್ಲ. ಹೊಸದಾಗಿ ಏನನ್ನು ಸೇರಿಸಿದರೂ ನಾಳೆ ಬಿಚ್ಚಿ ತೆಗೆದರೆ ಗುರುತು ಉಳಿಯದಂತಿರಬೇಕು. ಆ ಪ್ರಕಾರ ಡ್ಯಾಶ್‌ಬೋರ್ಡಿನ ಕೆಳಗೆ ಹಿಡಿಕೆಯೊಂದನ್ನು ಕಚ್ಚಿಸಿ ಪುಟ್ಟ ವೋಲ್ಟ್‌ಮೀಟರ್ ಒಂದನ್ನು ತೂಗುಹಾಕಿದೆವು. ಅದರ ಮುಖದ ಮೇಲೆ ಮಾತ್ರ ೮, ೧೦, ೧೨, ೧೪, ೧೬ ಎಂದು ಕನ್ನಡದಲ್ಲಿ ಮುದ್ರಿಸಿದೆ. ಮಗನ ಡಿಜಿಟಲ್ ಆಸೆಗೆ ಅವನ ಮೊಬೈಲೇ ಸಾಕಾಯಿತು. ಉಪಗ್ರಹದ ಸಹಾಯದಿಂದ ಅದೂ ವೇಗ ಹೇಳುತ್ತದೆ, ದೂರವನ್ನೂ ಹೇಳುತ್ತದೆ.

ಚಾಚಾ ಅವರಿಗೆ ನಾನು ಬೆಂಗೇರಿಯವನೆಂದು ತಿಳಿದಾಗ ಮುಖ ಅರಳಿತು. ಅವರ ಸಂಬಂಧಿಕರ ಮನೆಯ ಹೆಣ್ಣುಮಗಳೊಬ್ಬಳು ನಮ್ಮೂರಿನ ಖಾದಿ ಕೇಂದ್ರದಲ್ಲಿ ಧ್ವಜ ಹೊಲಿಯುತ್ತಾಳಂತೆ. ಓದುಗರಲ್ಲಿ ಹಲವರಿಗೆ ತಿಳಿದಿರಬಹುದು: ೧೯೫೭ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಬೆಂಗೇರಿಯಲ್ಲಿದೆ, ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದ ಖಾದಿಯ ರಾಷ್ಟ್ರಧ್ವಜಗಳು ಇಲ್ಲಿಂದಲೇ ದೇಶದ ಮೂಲೆಮೂಲೆಗೆ ಹೋಗಿವೆ. ಆ ಮಾನಕದ ಕ್ರಮಾಂಕವೇ ಐ.ಎಸ್. ೧. ಧ್ವಜಕ್ಕೆ ಒಂಬತ್ತು ಗಾತ್ರಗಳು. ೬೩೦೦ ಮಿಲಿಮೀಟರ್ ಉದ್ದದ್ದರಿಂದ ಮೇಜಿನ ಮೇಲಿಡುವ ೧೫೦ ಮಿಲಿಮೀಟರಿನದರವರೆಗೆ ಎಲ್ಲದಕ್ಕೂ ಮೂರಕ್ಕೆ ಎರಡರ ಪ್ರಮಾಣ ತಪ್ಪುವಂತಿಲ್ಲ. ಬಣ್ಣ, ನೂಲು, ಹೊಲಿಗೆ, ಚಕ್ರದ ೨೪ ಅರೆಗಳು, ಯಾವುದರಲ್ಲಿ ವ್ಯತ್ಯಾಸ ಕಂಡರೂ ಅದು ಧ್ವಜವೆನಿಸದು. "ನಿಮ್ಮೂರಾಗ ಒಂದು ಎಳಿ ಹೆಚ್ಚುಕಡಿಮಿ ಆದ್ರ ತಗದ ಒಗಿತಾರ. ಮತ್ತ ನನ್ನ ಕಡೆ ಬರೂ ಮಂದಿ ಮೀಟರ್ ಹಿಂದ ತಿರುವು ಅಂತಾರ್ರಿ ಮಾಸ್ತರ" ಎಂದರು ಚಾಚಾ. ಹಳೆಯ ಗಾಡಿ ಮಾರುವವರಲ್ಲಿ ಓಡಿದ ದೂರವನ್ನು ಕಡಿಮೆ ತೋರಿಸುವ ಆಸೆ ಇಂದು ನಿನ್ನೆಯದಲ್ಲ. ಅಂಥ ಕೆಲಸವನ್ನು ತಾವು ಬಿಟ್ಟು ಬಹಳ ಕಾಲವಾಯಿತೆಂದೂ, ಬಿಡುವ ಮೊದಲು ಮಾಡಿದ್ದು ಸುಳ್ಳಲ್ಲವೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಮೇಜಿನ ಮೇಲೆ ಮೋಟಾರಿನಿಂದ ತಂತಿ ತಿರುಗಿಸಿ ಮುಳ್ಳನ್ನು ಪರೀಕ್ಷಿಸುವಾಗ ಅವರು ಮಾಡಿದ ಒಂದು ಕೆಲಸ ನನ್ನ ಕಣ್ಣಿಗೆ ಬಿತ್ತು. ಅಂಕಿಯ ಗಾಲಿಗಳ ಹಲ್ಲನ್ನು ಮೊದಲು ಬಿಡಿಸಿಟ್ಟರು. ಏಕೆಂದು ಕೇಳಿದೆ. "ಗಾಡಿ ಓಡಿದ್ದಲ್ಲ ಇದು. ಓಡಲಾರದ ಹಾದಿ ಅದರ ಲೆಕ್ಕಕ್ಕ ಯಾಕ ಸೇರಬೇಕು?" ಎಂದರು. ಆಮೇಲೆ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು, ತಿರುಪಿನ ಮೇಲೆ ಉಗುರಾಡಿಸಿ, ತಲೆಯಲ್ಲಾಡಿಸಿದರು. "ಇದನ್ನ ಬೆರಳಿಲೇ ಬಿಚ್ಚಬೇಕ್ರಿ. ಯಾರೋ ಅವಸರದಾಗ ಪಕ್ಕಡ ಹಾಕಿ ತಿರುವ್ಯಾರ. ಮತ್ತ ಸೊಟ್ಟ ಕುಂದ್ರಿಸ್ಯಾರ, ಮರಿ ಹಾಳಾಗ್ಯಾವ. ಮುಳ್ಳು ನಡುಗತಿತ್ತಲ್ಲ, ಅದಕ್ಕ ಇದ ಕಾರಣ. ಬಲ್ಲವರು ಮಾಡಿದ್ದಲ್ಲ ಇದು."

ನಾನು ಮಾತನಾಡಲಿಲ್ಲ. ಆ ಪಕ್ಕಡ ಹಿಡಿದಿದ್ದ ಕೈ ನನ್ನದು.

೧೯೮೨ರ ಬೇಸಿಗೆ. ನನಗೆ ಹತ್ತೊಂಬತ್ತು ವರುಷ. ತಂದೆಯವರು ಮದುವೆಯೊಂದಕ್ಕೆಂದು ರೈಲಿನಲ್ಲಿ ಹೋಗಿದ್ದರು. ಮನೆಗೆ ಬರಲು ಎರಡು ದಿನವಿತ್ತು. ಧಾರವಾಡದ ಗೆಳೆಯರಿಗೆ ಕಾರು ಓಡಿಸಿ ತೋರಿಸುವ ಹುಚ್ಚು ನನ್ನನ್ನು ಹಿಡಿದಿತ್ತು. ಹೋಗಬಾರದೆಂದು ಅವರು ಹೇಳಿರಲಿಲ್ಲ, ಹೇಳುವ ಅವಶ್ಯಕತೆಯೇ ಇರಲಿಲ್ಲ. ನೀಲಿ ಪುಸ್ತಕವೇ ನಮ್ಮ ಮನೆಯ ಕಾವಲುಗಾರ. ಬಂದ ದಿನ ಮೀಟರು ನೋಡುವರೆಂದು ಗೊತ್ತಿತ್ತು. ಆದ್ದರಿಂದ ಸಂಜೆ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ಮೀಟರಿನ ಬೆನ್ನಿಗಿದ್ದ ತಿರುಪು ಬೆರಳಿಗೆ ಒಲಿಯದಿದ್ದಾಗ ಪಕ್ಕಡ ತಂದು ತಿರುವಿ, ಕೇಬಲ್ ಕಳಚಿದೆ. ಉಣಕಲ್ಲ ಕೆರೆಯ ಪಕ್ಕದಲ್ಲಿ ಹೋಗುವಾಗ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಎಷ್ಟು ವೇಗದಲ್ಲಿ ಹೋದೆನೋ ನನಗೂ ಗೊತ್ತಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಮರಳಿ ಬಂದು, ಕತ್ತಲೆಯಲ್ಲಿ ತಡಕಾಡಿ ಕೇಬಲ್ ಸಿಕ್ಕಿಸಿ, ಕಾರನ್ನು ಒರೆಸಿ ನಿಲ್ಲಿಸಿದೆ. ಮರುದಿನ ತಂದೆಯವರು ಬಂದರು, ಮೀಟರು ನೋಡಿದರು, ಬರೆದುಕೊಂಡರು. ಒಂದು ಮಾತೂ ಆಡಲಿಲ್ಲ. ಗೆದ್ದೆನೆಂದುಕೊಂಡೆ. ಕೆಲವು ತಿಂಗಳ ಬಳಿಕ ಅವರಾಗಿಯೇ ಕೀಲಿ ಕೈಗಿಟ್ಟು ಕುಸುಗಲ್ಲಿಗೆ ಔಷಧ ಮುಟ್ಟಿಸಿ ಬರಲು ಕಳಿಸಿದರು. ಮುಳ್ಳು ಏಕೆ ನಡುಗುತ್ತದೆಯೆಂದು ಅವರು ಎಂದೂ ಕೇಳಲಿಲ್ಲ.

ಚಾಚಾ ಅವರ ಅಂಗಡಿಯಿಂದ ಬಂದ ರಾತ್ರಿ ಟ್ರಂಕು ತೆಗೆದು ನೀಲಿ ಪುಸ್ತಕಗಳನ್ನು ಬಿಚ್ಚಿದೆ. ಒಟ್ಟು ಆರು ಇದ್ದವು. ೧೯೮೨ರ ಏಪ್ರಿಲಿನ ಪುಟ ಸಿಕ್ಕಲು ಬಹಳ ಹೊತ್ತು ಹಿಡಿಯಲಿಲ್ಲ. ಊರಿಗೆ ಹೋಗುವ ಹಿಂದಿನ ದಿನ ಟಾಕಿ ತುಂಬಿಸಿದ್ದನ್ನು ಬರೆದಿದ್ದಾರೆ. ಬಂದ ಮೇಲೆ ಮೀಟರಿನ ಅಂಕಿ ಅದೇ ಇದೆ. ಮರುದಿನ ಮತ್ತೆ ಟಾಕಿ ತುಂಬಿಸಿದಾಗ ಮೂರೂಕಾಲು ಲೀಟರು ಹಿಡಿದಿದೆ. ಅದರ ಮುಂದೆ ಅವರ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ಲೀಟರಿಗೆ ೧೪ರಂತೆ ೪೫ ಕಿ.ಮೀ., ಮೀಟರಿನಲ್ಲಿ ಬಂದಿಲ್ಲ. ಅಷ್ಟೇ. ಹೆಸರಿಲ್ಲ, ಬೈಗುಳವಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ.

ಮುಂದಿನ ಪುಟ ತಿರುವಿದೆ. ಪುಟದ ಕೊನೆಗೆ ಮೀಟರಿನ ಅಂಕಿ ಬರೆದು, ಅದರ ಪಕ್ಕದಲ್ಲಿ +೪೫ ಎಂದು ಬರೆದಿದ್ದರು. ಅದರ ಮುಂದಿನ ಪುಟದಲ್ಲಿಯೂ +೪೫. ಹದಿಮೂರು ವರುಷ, ಒಂದು ಪುಟವನ್ನೂ ಬಿಡದೆ, ೧೯೯೫ರ ಕ���ನೆಯ ಪುಟದವರೆಗೆ ಆ ಅಂಕಿಯನ್ನು ಅವರು ಹೊತ್ತು ತಂದಿದ್ದರು. ಕೊನೆಯ ಪುಟದಲ್ಲಿ, ೯೭೮೧೨ +೪೫. ನಡುವಿನ ಆ ವರುಷಗಳಲ್ಲಿ ನನ್ನ ಮದುವೆಯಾಗಿತ್ತು, ನೌಕರಿ ಸಿಕ್ಕಿತ್ತು, ಮಗ ಹುಟ್ಟಿದ್ದ. ದೀಪ ಆರಿಸಿ ಬಹಳ ಹೊತ್ತು ಹಾಗೆಯೇ ಕುಳಿತೆ. ಹೇಳಬೇಕೆನಿಸಿದ್ದರೆ ಹೇಳಲು ನನಗೂ ಹದಿಮೂರು ವರುಷಗಳಿದ್ದವು.

ವಾರದ ನಂತರ ಎಲ್ಲವೂ ಸಿದ್ಧವಾಗಿತ್ತು. ಗಾಜು ಕೂಡಿಸಿ ಅಂಚು ಮಡಿಚುವ ಮುನ್ನ ಚಾಚಾ ಕೇಳಿದರು: "ಮಾಸ್ತರ, ಈಗ ತೆರದೈತಿ, ಮುಚ್ಚಿದ ಮ್ಯಾಲ ಆಗೂದಿಲ್ಲ. ಗಾಡಿ ಮಾರೂದಲ್ಲ, ಮೋಸದ ಮಾತಲ್ಲ. ಹೊಸ ಜನ್ಮ ಆಗೇತಿ ಅಂತ ಸೊನ್ನಿ ಮಾಡಿಸ್ತಾರ ಕೆಲವ್ರು. ಮಾಡ್ಲೇನು?" ನಾನು ಬೇಡವೆಂದೆ. ಆದರೆ ಒಂದು ಕ್ಷಣ ಬೇರೊಂದು ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ: ೯೭೮೫೭ ಮಾಡಿಬಿಡಿ ಎಂದು. ನಲವತ್ತೊಂದು ವರುಷದ ಹಿಂದೆ ನಾನು ಕದ್ದ ದಾರಿಯನ್ನು ಗಾಲಿಗಳಿಗೆ ಮರಳಿ ಕೊಟ್ಟಂತಾಗುತ್ತಿತ್ತು. ಹಾಗೆ ಮಾಡಿದ್ದರೆ ಪುಸ್ತಕದ +೪೫ಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ನನ್ನ ತಪ್ಪು ಒಬ್ಬ ಒಳ್ಳೆಯ ಕುಶಲಕರ್ಮಿಯ ಕೈಯಿಂದ ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು. "ಇದ್ದಂಗ ಇರಲಿ ಚಾಚಾ" ಎಂದೆ. ಕೇಬಲ್ಲಿನ ತಿರುಪನ್ನು ಮಾತ್ರ ಬದಲಿಸಿದರು; ಹಳೆಯದನ್ನು ಕೇಳಿ ಪಡೆದು ಜೇಬಿಗಿಟ್ಟುಕೊಂಡೆ.

ಮೊದಲ ಓಟಕ್ಕೆ ಎಲ್ಲಿಗೆ ಹೋಗೋಣವೆಂದು ಮಗ ಕೇಳಿದಾಗ ಧಾರವಾಡವೆಂದೆ. ಅವನೇ ಓಡಿಸಿದ. ಉಣಕಲ್ಲ ದಾಟುವಾಗ ಮುಳ್ಳು ನಡುಗದೆ ಐವತ್ತರಲ್ಲಿ ನಿಂತಿತ್ತು. ಸತ್ತೂರಿನ ಹತ್ತಿರ ನಾನು ಮಾತು ತೆಗೆದೆ. ತಂದೆ ತನ್ನ ಮಗನೆದುರು ಹತ್ತೊಂಬತ್ತು ವರುಷದ ಹುಡುಗನಾಗಿ ಒಪ್ಪಿಕೊಳ್ಳುವುದು ಸುಲಭದ ಸಂಗತಿಯಲ್ಲ. ಮಗ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿಸಿಕೊಂಡದ್ದರಿಂದ ನನಗೆ ಅನುಕೂಲವಾಯಿತು. ಬಹಳ ಹೊತ್ತಿನ ಮೇಲೆ, "ಅಜ್ಜಾರಿಗೆ ಗೊತ್ತಿತ್ತು ಅಂತ ನಿಮಗ ಒಟ್ಟ ಸಂಶಯನ ಬರಲಿಲ್ಲೇನಪ್ಪಾ?" ಎಂದಷ್ಟೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ನಿಲ್ಲಿಸಿದಾಗ ಅಂಕಿ ನೋಡಿದೆವು: ೯೭೮೫೫. ನಲವತ್ಮೂರು ಕಿಲೋಮೀಟರು. "ಅಜ್ಜಾರ ಲೆಕ್ಕ ಎರಡು ಹೆಚ್ಚಾತಲ್ಲ" ಎಂದೆ. ಮಗ ತನ್ನ ಮೊಬೈಲು ತೆಗೆದು ನೋಡಿದ. ಅದು ನಲವತ್ತನಾಲ್ಕೂವರೆಯ ಮೇಲೆ ತೋರಿಸುತ್ತಿತ್ತು. ಈ ಕಾರಿಗೆ ಮೂಲದಲ್ಲಿದ್ದದ್ದು ೫.೨೦–೧೪ ಅಳತೆಯ ಟೈರು. ಅದು ಸಿಗದೆ ಈಗ ನಾವು ಹಾಕಿಸಿದ ರೇಡಿಯಲ್ ಟೈರಿನ ಸುತ್ತಳತೆ ತುಸು ಹೆಚ್ಚು. ಗಾಲಿ ದೊಡ್ಡದಾದರೆ ಅದೇ ದೂರಕ್ಕೆ ಕಡಿಮೆ ಸುತ್ತು, ಮೀಟರಿನಲ್ಲಿ ಕಡಿಮೆ ಅಂಕಿ. "ಮೀಟರ್ ತಪ್ಪು, ಅಜ್ಜಾರು ಕರೆಕ್ಟ್" ಎಂದು ಮಗ ತೀರ್ಪು ಕೊಟ್ಟ. ಟೈರಿನ ಅಂಗಡಿಗೆ ಮತ್ತೊಮ್ಮೆ ಹೋಗಬೇಕಾಗಿದೆ.

ನೀಲಿ ರಟ್ಟಿನ ಕೊನೆಯ ಪುಸ್ತಕದಲ್ಲಿ ಇನ್ನೂ ಹನ್ನೊಂದು ಖಾಲಿ ಪುಟಗಳಿದ್ದವು. ಕೈಕಾಲು ತೊಳೆಯುವುದಕ್ಕೆ ಮೊದಲು ತಾರೀಖು ಬರೆದೆ, ಧಾರವಾಡ ಎಂದು ಬರೆದೆ, ೯೭೮೫೫ ಎಂದು ಬರೆದು ಪಕ್ಕದಲ್ಲಿ +೪೫ ಹಾಕಿದೆ.